ಹೊಳೆಯುವ ಗಡಿಯಾರದ ವಿಷ

ನಿಮ್ಮ ಮನೆಯ ಬೀರುವಿನಲ್ಲಿ ತಾತನ ಕಾಲದ ಕೈಗಡಿಯಾರವಿದೆಯೇ? ಕತ್ತಲಲ್ಲೂ ಸಮಯ ಕಾಣಲೆಂದು ಅದರ ಅಂಕಿಗಳಿಗೆ, ಮುಳ್ಳುಗಳಿಗೆ ರೇಡಿಯಂ ಬಣ್ಣ ಹಚ್ಚಿರಬಹುದು. ಈ ಬಣ್ಣ ಹಚ್ಚಿದವರ ಕಥೆ ವೈದ್ಯಶಾಸ್ತ್ರದಲ್ಲಿ ದಾಖಲಾಗಿದೆ.

1917ರ ಸುಮಾರಿಗೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ ಇಂಥ ಡಯಲ್‌ಗಳ ಕಾರ್ಖಾನೆ ಶುರುವಾಯಿತು. ಕೆಲಸಕ್ಕೆ ಬಂದವರು ಎಳೆಯ ಹೆಣ್ಣುಮಕ್ಕಳು. ಸತುವಿನ ಸಲ್ಫೈಡ್ ಪುಡಿಗೆ ಅತ್ಯಲ್ಪ ರೇಡಿಯಂ ಬೆರೆಸಿ, ಅಂಟಿನಲ್ಲಿ ಕಲಸಿದರೆ ಬಣ್ಣ ಸಿದ್ಧ. ರೇಡಿಯಂ ಸೂಸುವ ಕಿರಣಗಳಿಂದ ಸಲ್ಫೈಡ್ ಹೊಳೆಯುತ್ತದೆ. ಅಂಕಿಗಳೋ ಬಲು ಸಣ್ಣವು. ಕೆಲವು ಅಂಕಿ ಬರೆಯುವಷ್ಟರಲ್ಲಿ ಕುಂಚದ ತುದಿ ಕೆದರುತ್ತಿತ್ತು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುವುದಿಲ್ಲವೇ, ಹಾಗೆಯೇ ಕುಂಚವನ್ನು ತುಟಿಗಳ ನಡುವೆ ಚೂಪು ಮಾಡಿಕೊಳ್ಳಲು ಅವರಿಗೆ ಕಲಿಸಲಾಗಿತ್ತು. ಪ್ರತಿ ಸಲವೂ ಒಂದಿಷ್ಟು ರೇಡಿಯಂ ಹೊಟ್ಟೆಗೆ. ಅದರಿಂದ ಅಪಾಯವಿಲ್ಲ ಎಂದು ಅವರನ್ನು ನಂಬಿಸಲಾಗಿತ್ತು. ಕಾರ್ಖಾನೆಯ ರಸಾಯನ ತಜ್ಞರು ಮಾತ್ರ ಸೀಸದ ತಡೆ ಇಟ್ಟುಕೊಂಡೇ ಕೆಲಸ ಮಾಡುತ್ತಿದ್ದರು!

ನಮ್ಮ ದೇಹ ರೇಡಿಯಂ ಅನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಗಳಲ್ಲಿ ಸೇರಿಸಿಕೊಳ್ಳುತ್ತದೆ. ಹೊರಗಿದ್ದಾಗ ಚರ್ಮವನ್ನೂ ದಾಟಲಾರದ ಆಲ್ಫಾ ಕಿರಣಗಳು ಒಳಗಿನಿಂದ ಮೂಳೆಯನ್ನೂ ಮಜ್ಜೆಯನ್ನೂ ಹಾಳುಮಾಡುತ್ತವೆ. ಆ ಹೆಣ್ಣುಮಕ್ಕಳಲ್ಲಿ ಹಲವರಿಗೆ ಮೊದಲು ಬಂದದ್ದು ಹಲ್ಲುನೋವು. ಹಲ್ಲು ಕಿತ್ತರೆ ಗಾಯ ಮಾಯಲಿಲ್ಲ, ದವಡೆಯೇ ಕೊಳೆಯಿತು. ಕೆಲವರಿಗೆ ತೀವ್ರ ರಕ್ತಹೀನತೆ, ವರ್ಷಗಳ ನಂತರ ಇನ್ನು ಕೆಲವರಿಗೆ ಮೂಳೆಯ ಕ್ಯಾನ್ಸರ್. 1925ರಲ್ಲಿ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಇದಕ್ಕೆ ರೇಡಿಯಂ ಕಾರಣವೆಂದು ತೋರಿಸಿಕೊಟ್ಟರು. ಗ್ರೇಸ್ ಫ್ರೈಯರ್ ಮತ್ತು ಇತರ ನಾಲ್ವರು ಮೊಕದ್ದಮೆ ಹೂಡಿ, 1928ರಲ್ಲಿ ರಾಜಿಯಾಗಿ ತಲಾ 10,000 ಡಾಲರ್ ಪಡೆದರು. ಹೋದ ಆರೋಗ್ಯಕ್ಕೆ ಅದೇನು ಬೆಲೆಯೋ! ರೋಗಿಯನ್ನು ‘ಏನು ಕೆಲಸ ಮಾಡುತ್ತೀರಿ?’ ಎಂದು ವೈದ್ಯರು ಕೇಳಲೇಬೇಕಾದದ್ದು ಇದಕ್ಕಾಗಿಯೇ.

1960ರ ದಶಕದಿಂದೀಚೆಗೆ ಗಡಿಯಾರಗಳಲ್ಲಿ ರೇಡಿಯಂ ಬಳಕೆ ಹಿಂದೆ ಸರಿಯಿತು. (ನಮ್ಮ ವಾಹನಗಳಿಗೆ ಅಂಟಿಸುವ ‘ರೇಡಿಯಂ ಸ್ಟಿಕ್ಕರ್’ನಲ್ಲಿ ರೇಡಿಯಂ ಇಲ್ಲ. ಗಾಬರಿ ಬೇಡ.)

ತಾತನ ಗಡಿಯಾರ ಈಗ ಹೊಳೆಯುತ್ತಿಲ್ಲವೆಂದು ಸುಮ್ಮನಾಗಬೇಡಿ. ಸವೆದಿರುವುದು ಸಲ್ಫೈಡ್ ಮಾತ್ರ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಗಾಜು ಭದ್ರವಾಗಿದ್ದರೆ ಭಯಪಡುವಂಥದ್ದೇನಿಲ್ಲ. ಆದರೆ ದಿನವೂ ಕಟ್ಟಿಕೊಳ್ಳಬೇಡಿ, ಮಕ್ಕಳ ಆಟಕ್ಕಂತೂ ಕೊಡಲೇಬೇಡಿ. ಮನೆಯಲ್ಲಿ ಬಿಚ್ಚಿ ಅಂಕಿಗಳನ್ನು ಕೆರೆಯಬಾರದು. ಆ ಪುಡಿ ಉಸಿರಿನೊಂದಿಗೆ ಒಳಹೋದರೆ ಅಪಾಯ. ರಿಪೇರಿಗೆ ಕೊಡುವಾಗ ಬಣ್ಣ ರೇಡಿಯಂನದ್ದಿರಬಹುದೆಂದು ಅಂಗಡಿಯವರಿಗೂ ತಿಳಿಸಿ.