“ಸರ್ವರ್ ಡೌನ್ ಐತ್ರೀ!” ಈ ಡೈಲಾಗಿನ ಹಿಂದಿನ ಹೀರೋ ಯಾರು, ವಿಲನ್ ಯಾರು?

ಕನ್ನಡ ನಾಡಿನಲ್ಲಿ ಇವತ್ತು ಅತಿ ಹೆಚ್ಚು ಸಲ ಕೇಳಿಬರುವ ಡೈಲಾಗು ಯಾವುದು ಹೇಳಿ ನೋಡೋಣ! ಯಾವ ಹೀರೋ ಹೊಡೆದದ್ದೂ ಅಲ್ಲ, ಯಾವ ಸಂಭಾಷಣೆಕಾರ ಬರೆದದ್ದೂ ಅಲ್ಲ. ಯಾದಗಿರಿಯ ರೇಷನ್ ಅಂಗಡಿಯಲ್ಲಿ, ಶಹಾಪುರದ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ, ಸುರಪುರದ ಆನ್‌ಲೈನ್ ಸೆಂಟರಿನಲ್ಲಿ ಕಂಪ್ಯೂಟರ್ ಮುಂದೆ ಕುಂತ ಹುಡುಗ ತಲೆ ಎತ್ತದೆ ಉದುರಿಸುವ ಮೂರೇ ಮೂರು ಮಾತು... “ಸರ್ವರ್ ಡೌನ್ ಐತ್ರೀ!”

ಮುಗೀತು. ಬೆಳಗಿನಿಂದ ಪಾಳಿ ಹಚ್ಚಿದವರು ಸಂಜೆ ಬಸ್ಸಿಗೆ ವಾಪಸ್. ಆ ದಿನದ ಕೂಲಿ ಖೋತಾ. ಮಗಳ ಮದುವೆಗೆಂದು ಎರಡು ಎಕರೆ ಮಾರಲು ಬಂದವನ ಕೈಗೆ ದುಡ್ಡೂ ಇಲ್ಲ, ಕಾಗದವೂ ಇಲ್ಲ.

ಸಿನಿಮಾ ಪತ್ರಿಕೆಯಲ್ಲಿ ಈ ಪುರಾಣ ಯಾಕಪ್ಪಾ ಅಂತೀರಾ? ಯಾಕೆಂದರೆ ಸ್ವಾಮಿ, ಈಗ ನಮ್ಮ ಟಿಕೆಟ್ಟೂ ಸರ್ವರಿನಿಂದಲೇ, ಟ್ರೇಲರೂ ಸರ್ವರಿನಿಂದಲೇ, ಟಾಕೀಸಿನ ಪರದೆ ಮೇಲೆ ಓಡುವ ಪಿಕ್ಚರ್ರೂ ಸರ್ವರಿನಿಂದಲೇ! 2021ರ ಜನವರಿಯಲ್ಲಿ ‘ಕೆಜಿಎಫ್ ಚಾಪ್ಟರ್ 2’ ಟೀಸರು ಯಶ್ ಹುಟ್ಟುಹಬ್ಬದ ದಿನ ಬರಬೇಕಾಗಿತ್ತು. ಯಾರೋ ಮೊದಲೇ ಹೊರಗೆ ಬಿಟ್ಟರು. ಚಿತ್ರತಂಡ ಬೇರೆ ದಾರಿ ಇಲ್ಲದೆ ಹಿಂದಿನ ರಾತ್ರಿಯೇ ಬಿಡುಗಡೆ ಮಾಡಿತು. ಹಬ್ಬದೂಟದ ಎಲೆ ಹಾಕುವ ಮೊದಲೇ ಹೋಳಿಗೆ ಖಾಲಿಯಾದ ಹಾಗೆ! ಅಂದಮೇಲೆ ಇದು ನಮ್ಮ ವಿಷಯವೇ ತಾನೇ?

ಒಂದೇ ಕಿಟಕಿ, ಸಾವಿರ ಕೈ

ಸರ್ವರ್ ಅಂದರೆ ದೊಡ್ಡ ಭೂತವೇನಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಡುವ ಒಂದು ಕಂಪ್ಯೂಟರು. ಟಾಕೀಸಿನ ಬುಕಿಂಗ್ ಕಿಟಕಿ ಅಂದುಕೊಳ್ಳಿ. ಮಾಮೂಲಿ ದಿನ ಆರಾಮ. ಆದರೆ ಫಸ್ಟ್ ಡೇ ಫಸ್ಟ್ ಷೋ! ಒಂದೇ ತೂತಿನಲ್ಲಿ ಸಾವಿರ ಕೈ. ಒಳಗೆ ಕುಂತವನಿಗೆ ಯಾವ ಕೈ ಯಾರದು, ಯಾವ ನೋಟು ಗಾಂಧಿಕ್ಲಾಸಿನದು, ಯಾವುದು ಬಾಲ್ಕನಿಯದು ತಿಳಿಯುವುದಿಲ್ಲ. ಕೊನೆಗೆ ತಲೆಕೆಟ್ಟು ಕಿಟಕಿ ಮುಚ್ಚುತ್ತಾನೆ. ಅದೇ ಸರ್ವರ್ ಡೌನ್.

ಬುದ್ಧಿವಂತ ಮ್ಯಾನೇಜರ್ ಏನು ಮಾಡುತ್ತಾನೆ? ನಾಲ್ಕು ಕಿಟಕಿ ತೆಗೆಸಿ, ಗೇಟಿನಲ್ಲಿ ಒಬ್ಬ ಗಟ್ಟಿ ಆಳು ನಿಲ್ಲಿಸುತ್ತಾನೆ. “ನೀ ಆ ಕಡಿ ಹೋಗು, ನೀ ಈ ಕಡಿ ಬಾ” ಎನ್ನುವುದಷ್ಟೇ ಅವನ ಕೆಲಸ. ಒಂದು ಕಿಟಕಿಯವ ಚಹಾಕ್ಕೆ ಎದ್ದರೆ ಅತ್ತ ಜನರನ್ನು ಬಿಡುವುದಿಲ್ಲ. ಕಂಪ್ಯೂಟರ್ ಮಂದಿ ಈ ಗೇಟ್‌ಕೀಪರನಿಗೆ ‘ಲೋಡ್ ಬ್ಯಾಲೆನ್ಸರ್’ ಎಂದು ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ಕೆಲಸ ಅಷ್ಟೇ.

ಇನ್ನೊಂದು ಉಪಾಯವೂ ಉಂಟು, ಪಾಳಿಗೆ ವೇಳೆ ಕೊಡುವುದು. 2023ರ ಜುಲೈ 19ರಂದು ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಇಂಥ ದಿನ, ಇಂಥ ವೇಳೆ, ಇಂಥ ಜಾಗಕ್ಕೆ ಬನ್ನಿ ಎಂದು ಎಸ್‌ಎಂಎಸ್ ಕಳಿಸುವ ಏರ್ಪಾಡು ಮಾಡಿದ್ದು ಇದಕ್ಕೇ. ಕೋಟಿಗೂ ಮೀರಿದ ಹೆಣ್ಣುಮಕ್ಕಳು ಒಂದೇ ದಿನ ಬಾಗಿಲು ಬಡಿದರೆ ಯಾವ ಕಿಟಕಿ ತಡೆದೀತು?

ಆದರೆ ಇಡೀ ರಾಜ್ಯವೇ ಬೆಂಗಳೂರಿನ ಗಾಂಧಿನಗರದ ಒಂದೇ ಟಾಕೀಸಿಗೆ ಹೊರಟರೆ? ಹತ್ತಲ್ಲ, ನೂರು ಕಿಟಕಿ ತೆಗೆದರೂ ಉಪಯೋಗವಿಲ್ಲ. ದಾರಿಯೇ ತುಂಬಿಹೋಗುತ್ತದೆ! ಇದಕ್ಕೆ ಉತ್ತರ ನಮ್ಮ ಸೀಮೆಯ ರೈತನನ್ನು ಕೇಳಿ. ನಾರಾಯಣಪುರದ ಬಸವಸಾಗರದಲ್ಲಿ ಕೃಷ್ಣೆಯ ನೀರಿದೆ ಅಂತ ಶಹಾಪುರದ ರೈತ ಕೊಡ ಹಿಡಿದು ಡ್ಯಾಮಿಗೆ ಹೋಗುತ್ತಾನೇನು? ಎಡದಂಡೆ ಕಾಲುವೆ, ಅದರಿಂದ ಶಹಾಪುರ ಶಾಖಾ ಕಾಲುವೆ, ಅದರಿಂದ ಹೊಲಗಾಲುವೆ... ನೀರೇ ಅವನ ಹತ್ತಿರ ಬರುತ್ತದೆ. ಟ್ರೇಲರನ್ನೂ ಹಾಗೇ ಊರೂರಿನ ಹತ್ತಿರ ಮೊದಲೇ ತಂದಿಟ್ಟರೆ? ಈ ಯೋಚನೆ ಬಂದದ್ದು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ. ಅಲ್ಲಿಂದಲೇ ನಮ್ಮ ಹೀರೋನ ಪ್ರವೇಶ.

ಲೆಕ್ಕದ ಮೇಷ್ಟ್ರು, ಸೈನಿಕ ಶಿಷ್ಯ

ವೆಬ್ ಎಂಬುದನ್ನೇ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1995ರಲ್ಲೇ ಸಹೋದ್ಯೋಗಿಗಳಿಗೆ ಹೇಳಿದರಂತೆ, ಮುಂದೆ ಈ ನೂಕುನುಗ್ಗಲು ತಡೆಯಲಾಗದು, ಏನಾದರೂ ಮಾಡಿ ಎಂದು. ಗಣಿತದ ಪ್ರೊಫೆಸರ್ ಟಾಮ್ ಲೇಟನ್ ಆ ಸವಾಲು ಎತ್ತಿಕೊಂಡರು. 1996ರಲ್ಲಿ ಅವರ ಬಳಿ ಒಬ್ಬ ವಿದ್ಯಾರ್ಥಿ ಬಂದ. ಹೆಸರು ಡ್ಯಾನಿಯಲ್ ಲೆವಿನ್. ಹುಟ್ಟಿದ್ದು ಅಮೆರಿಕದಲ್ಲಿ, ಹದಿಹರೆಯದಲ್ಲಿ ಇಸ್ರೇಲಿಗೆ ಹೋದವನು. ಅಲ್ಲಿನ ಸೈನ್ಯದ ಅತಿ ಕಠಿಣ ಕಮಾಂಡೊ ದಳದಲ್ಲಿ ಅಧಿಕಾರಿಯಾಗಿದ್ದವನು. ಆಮೇಲೆ ಪುಸ್ತಕ ಹಿಡಿದ. ಹೆಂಡತಿ, ಮಕ್ಕಳು, ವಿದ್ಯಾರ್ಥಿ ಜೀವನದ ಸಾಲ... ನಮ್ಮ ಫ್ಯಾಮಿಲಿ ಪಿಕ್ಚರಿನ ಹೀರೋನೇ!

1997ರಲ್ಲಿ ಇವರಿಬ್ಬರೂ ಇನ್ನೂ ನಾಲ್ವರೂ ಸೇರಿ ಒಂದು ಪ್ರಬಂಧ ಬರೆದರು. ನಾನು ಪಿಯುಸಿ ಬಿಟ್ಟವನು, ಸೂತ್ರ ಕೇಳಬೇಡಿ. ಆದರೆ ಸಿನಿಮಾ ಡಬ್ಬಿಯ ಲೆಕ್ಕದಲ್ಲಿ ಹೇಳಬಲ್ಲೆ. ನೂರು ಚಿತ್ರದ ಡಬ್ಬಿಗಳನ್ನು ಹತ್ತು ಊರಿನ ಟಾಕೀಸಿಗೆ ಹಂಚಬೇಕು. ಯಾವ ಡಬ್ಬಿ ಎಲ್ಲಿದೆ ಅಂತ ಪುಸ್ತಕ ನೋಡದೆ ತಿಳಿಯಬೇಕು. ಸುಲಭ! ಡಬ್ಬಿಯ ನಂಬರನ್ನು ಹತ್ತರಿಂದ ಭಾಗಿಸಿ, ಉಳಿದ ಶೇಷವೇ ಊರಿನ ನಂಬರು. ಈಗ ಒಂದು ಟಾಕೀಸಿಗೆ ಬೀಗ ಬಿತ್ತು ಅನ್ನಿ. ಒಂಬತ್ತರಿಂದ ಭಾಗಿಸಬೇಕು. ಅಯ್ಯೋ, ಹೆಚ್ಚುಕಡಿಮೆ ಎಲ್ಲ ಡಬ್ಬಿಗಳೂ ಊರು ಬದಲಿಸಬೇಕು! ಬೀಗ ಬಿದ್ದದ್ದು ಒಂದಕ್ಕೆ, ಗೋಳು ಹತ್ತಕ್ಕೆ.

ಇವರು ಮಾಡಿದ್ದೇನು? ಊರುಗಳನ್ನೂ ಡಬ್ಬಿಗಳನ್ನೂ ಒಂದೇ ದುಂಡು ಚಕ್ರದ ಮೇಲೆ ಕೂರಿಸಿದರು. ಪ್ರತಿ ಡಬ್ಬಿ ತನ್ನ ಬಲಗಡೆ ಮೊದಲು ಸಿಗುವ ಊರಿಗೆ ಸೇರಿದ್ದು. ಒಂದು ಊರು ಬಿದ್ದರೆ ಅದರ ಡಬ್ಬಿಗಳು ಮಾತ್ರ ಮುಂದಿನ ಊರಿಗೆ. ಉಳಿದ ಎಂಟಕ್ಕೆ ಸುದ್ದಿಯೇ ಇಲ್ಲ! ಇಷ್ಟೇ ಉಪಾಯ. ಇವತ್ತು ಜಗತ್ತಿನ ಎಷ್ಟೋ ದೊಡ್ಡ ದೊಡ್ಡ ಸರ್ವರ್ ಜಾಲಗಳು ನಿಂತಿರುವುದು ಈ ಚಕ್ರದ ಮೇಲೆಯೇ.

1998ರಲ್ಲಿ ಕಂಪನಿ ಕಟ್ಟಿದರು. ಹೆಸರು ‘ಅಕಮೈ’, ಹವಾಯಿ ಭಾಷೆಯಲ್ಲಿ ಜಾಣ ಎಂದರ್ಥ. ಮೊದಲ ದೊಡ್ಡ ಪರೀಕ್ಷೆ ಯಾವುದು ಗೊತ್ತೇ? ಸಿನಿಮಾ ಟ್ರೇಲರು! 1999ರ ಮಾರ್ಚಿನಲ್ಲಿ ‘ಸ್ಟಾರ್ ವಾರ್ಸ್’ ಸರಣಿಯ ಹೊಸ ಚಿತ್ರದ ಟ್ರೇಲರಿಗೆ ಅಭಿಮಾನಿಗಳು ಮುಗಿಬಿದ್ದರು. ಬೇರೆ ಸೈಟುಗಳು ಏದುಸಿರು ಬಿಟ್ಟವು. ಅಕಮೈ ಬೆನ್ನಿಗಿದ್ದ ‘ಎಂಟರ್‌ಟೇನ್‌ಮೆಂಟ್ ಟುನೈಟ್’ ಸೈಟು ಮಾತ್ರ ಅಲುಗಲಿಲ್ಲ. ಅದೇ ಅಕ್ಟೋಬರ್ 29ರಂದು ಕಂಪನಿಯ ಷೇರು ಪೇಟೆಗೆ ಬಂತು, 26 ಡಾಲರಿನ ಷೇರು ಸಂಜೆಗೆ 145 ಡಾಲರ್! ಸಾಲದ ಹುಡುಗ ಒಂದೇ ದಿನದಲ್ಲಿ ಕುಬೇರ.

ಇಂಟರ್‌ವಲ್ ಆದಮೇಲಿನ ಕತೆ ಮಾತ್ರ ಯಾರಿಗೂ ಬೇಡ. 2001ರ ಸೆಪ್ಟೆಂಬರ್ 11. ಬಾಸ್ಟನ್ನಿನಿಂದ ಲಾಸ್ ಏಂಜಲೀಸಿಗೆ ಹೊರಟ ವಿಮಾನದಲ್ಲಿ ಲೆವಿನ್ ಇದ್ದ. ಉಗ್ರರು ಅಪಹರಿಸಿ ನ್ಯೂಯಾರ್ಕಿನ ಅವಳಿ ಗೋಪುರಕ್ಕೆ ಗುದ್ದಿದ ಮೊದಲ ವಿಮಾನ ಅದು. ಮುಂದೆ ಕೂತ ಅಪಹರಣಕಾರರನ್ನು ತಡೆಯಲು ಎದ್ದವನನ್ನು ಹಿಂದೆ ಕೂತವನು ಇರಿದಿರಬಹುದು ಎಂದು ಅಮೆರಿಕದ ವಿಚಾರಣಾ ಆಯೋಗ ಬರೆದಿದೆ. ವಯಸ್ಸು 31. ಆ ದಿನ ಇಡೀ ಜಗತ್ತು ಸುದ್ದಿ ಸೈಟುಗಳ ಮೇಲೆ ಬಿತ್ತು. ಅವನ್ನು ಎತ್ತಿ ಹಿಡಿದವುಗಳಲ್ಲಿ ಅವನೇ ಕಟ್ಟಿದ ಜಾಲವೂ ಒಂದು. ಕಂಪನಿಯಲ್ಲಿ ಅಳುತ್ತಲೇ ಕೆಲಸ ಮಾಡಿದ ಗೆಳೆಯರ ಸ್ಥಿತಿ ಏನಾಗಿರಬೇಡ!

2023ರ ನವೆಂಬರ್ 19ರಂದು ವಿಶ್ವಕಪ್ ಫೈನಲ್ ನಡೆದಾಗ ಹಾಟ್‌ಸ್ಟಾರಿನಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡಿದರು. ಪಂದ್ಯ ಸೋತೆವು, ಅದು ಬೇರೆ ಮಾತು. ನೋಡಲು ಸಾಧ್ಯವಾದದ್ದು ಮಾತ್ರ ಹತ್ತಿರ ತಂದಿಡುವ ಇಂಥ ಕಾಲುವೆ ವಿದ್ಯೆಯಿಂದ.

ವಿಲನ್ ಬಂದ, ಪಾಳಿ ತುಂಬಿದ

ಎಲ್ಲ ‘ಡೌನ್’ಗೂ ಜನಸಂದಣಿಯೇ ಕಾರಣವಲ್ಲ ನೋಡ್ರಿ. ಟಿಕೆಟ್ ಬೇಡದ ಇನ್ನೂರು ಪುಂಡರನ್ನು ದುಡ್ಡು ಕೊಟ್ಟು ಪಾಳಿಯಲ್ಲಿ ನಿಲ್ಲಿಸಿದರೆ? ಕಿಟಕಿಗೆ ಬಂದು “ಟಿಕೆಟ್ ಎಷ್ಟು? ಷೋ ಎಷ್ಟೊತ್ತಿಗೆ?” ಅಂತ ಕೇಳಿ, ಮತ್ತೆ ಹಿಂದೆ ಹೋಗಿ ನಿಲ್ಲುವುದು. ನಿಜವಾದ ಅಭಿಮಾನಿಗೆ ಪಾಳಿ ಬರುವುದೇ ಇಲ್ಲ!

ನಮ್ಮ ರಾಜ್ಯದಲ್ಲಿ ಇದು ಆಗಿದೆ. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದ ಮೇಲೆ 2025ರ ಜನವರಿಯಲ್ಲಿ ಇಂಥದೇ ದಾಳಿ. ಸುಳ್ಳು ಖಾತೆ ತೆರೆದು ‘ಇಸಿ’ ಹುಡುಕಾಟದ ಬೇಡಿಕೆಗಳನ್ನು ಸುರಿದರು. 62 ಇಮೇಲ್ ಖಾತೆ, 14 ಐಪಿ ವಿಳಾಸ, ಎರಡೇ ತಾಸಿನಲ್ಲಿ 6.2 ಲಕ್ಷ ಹುಸಿ ಬೇಡಿಕೆ! ಫೆಬ್ರವರಿ ಆರಂಭದಲ್ಲಿ ರಾಜ್ಯದಾದ್ಯಂತ ನೋಂದಣಿ ಮುಗ್ಗರಿಸಿತು. ಯಾದಗಿರಿ, ಶಹಾಪುರ, ಸುರಪುರದ ಸಬ್‌ರಿಜಿಸ್ಟ್ರಾರ್ ಆಫೀಸುಗಳು ಓಡುವುದೂ ಇದೇ ತಂತ್ರಾಂಶದ ಮೇಲೆ. ಪ್ರಕರಣ ಸೈಬರ್ ಪೊಲೀಸರ ಬಳಿ ಹೋಯಿತು. ಮಾತಿಗೆ ಹೇಳುತ್ತೇನೆ: 14 ವಿಳಾಸದಿಂದ ಬಂದ ಪುಂಡರನ್ನು ಗುರುತಿಸಲು ಗೇಟಿನಲ್ಲಿ ಮೊದಲೇ ಒಬ್ಬ ಒಳ್ಳೆಯ ಆಳು ಬೇಕಿತ್ತು. ಒಬ್ಬನಿಗೆ ನಾಲ್ಕೇ ಟಿಕೆಟ್ ಎಂಬ ನಿಯಮ ಟಾಕೀಸಿನವರಿಗೆ ಯಾವಾಗಿನಿಂದಲೋ ಗೊತ್ತು.

ಮನುಷ್ಯನೋ ಯಂತ್ರವೋ ಪತ್ತೆಹಚ್ಚಲು ವಕ್ರ ವಕ್ರ ಅಕ್ಷರ ತೋರಿಸಿ “ಓದು” ಎನ್ನುತ್ತದಲ್ಲ, ಅದು ‘ಕ್ಯಾಪ್ಚಾ’. ಗ್ವಾಟೆಮಾಲದ ಲೂಯಿಸ್ ವಾನ್ ಆನ್ ಮತ್ತು ಅವನ ಗುರು ಮ್ಯಾನುಯೆಲ್ ಬ್ಲಮ್ ತಂಡ ಅದಕ್ಕೆ ಹೆಸರು ಕೊಟ್ಟದ್ದು. ಮುಂದೆ ಅದೇ ಲೂಯಿಸ್ 2007ರಲ್ಲಿ ಹಳೆಯ ಪತ್ರಿಕೆ, ಪುಸ್ತಕಗಳ ಮಸುಕು ಪದಗಳನ್ನೇ ತೋರಿಸಿ ಜನರ ಕೈಯಲ್ಲಿ ಓದಿಸಿದ. ನೀವೂ ನಾನೂ ಎಷ್ಟು ಪದ ಪುಕ್ಕಟೆ ಟೈಪ್ ಮಾಡಿಕೊಟ್ಟಿದ್ದೇವೋ!

ಇನ್ನು ಪಿಕ್ಚರ್ ಕಳ್ಳರ ಮಾತು. ಹಿಂದೆ “ಪೆಟ್ಟಿಗೆ ಬಂತೇನ್ರಿ?” ಎಂದು ಕೇಳುತ್ತಿದ್ದ ಟಾಕೀಸಿನವರು ಈಗ “ಕೀ ಬಂತೇನ್ರಿ?” ಎನ್ನುತ್ತಾರೆ. ಚಿತ್ರ ಹಾರ್ಡ್‌ಡಿಸ್ಕಿನಲ್ಲೋ ಉಪಗ್ರಹದಿಂದಲೋ ಬರುತ್ತದೆ, ಬೀಗ ಹಾಕಿಕೊಂಡು. ಬೀಗದ ಕೀಲಿ ಬೇರೆ ಬರುತ್ತದೆ. ಆ ಕೀಲಿ ಆ ಟಾಕೀಸಿನ ಸರ್ವರಿಗೆ ಮಾತ್ರ, ಆ ದಿನಗಳಿಗೆ ಮಾತ್ರ. ಪರದೆ ಮೇಲಿನ ಚಿತ್ರದಲ್ಲಿ ಕಣ್ಣಿಗೆ ಕಾಣದ ಗುರುತೂ ಇರುತ್ತದೆ. ಯಾವನೋ ಮೊಬೈಲಿನಲ್ಲಿ ಕದ್ದು ಹಿಡಿದರೆ ಯಾವ ಊರು, ಯಾವ ಟಾಕೀಸು, ಯಾವ ಷೋ ಎಂದು ಆ ಗುರುತೇ ಬಾಯಿಬಿಡುತ್ತದೆ. 2023ರ ಕಾಯಿದೆ ಪ್ರಕಾರ ಶಿಕ್ಷೆ ಮೂರು ತಿಂಗಳಿಂದ ಮೂರು ವರ್ಷ, ದಂಡ ಮೂರು ಲಕ್ಷ ರೂಪಾಯಿಯಿಂದ ಚಿತ್ರದ ನಿರ್ಮಾಣ ವೆಚ್ಚದ ಶೇ. 5ರವರೆಗೆ. ಸ್ಟೇಟಸ್ಸಿಗೆ ಹೀರೋ ಎಂಟ್ರಿ ಹಾಕುವ ತಮ್ಮಂದಿರೇ, ಜೋಕೆ!

ಎರಡನೇ ಪ್ರಿಂಟು ಎಲ್ಲಿ?

ಬಾಗಿಲು ಭದ್ರ. ಆದರೆ ಮನೆಯವನೇ ಬೆಂಕಿ ಹಚ್ಚಿದರೆ? 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ‘ಟಾಯ್ ಸ್ಟೋರಿ 2’ ಕಂಪ್ಯೂಟರಿನಲ್ಲಿ ತಯಾರಾಗುತ್ತಿತ್ತು. ಯಾರೋ ತಪ್ಪು ಜಾಗದಲ್ಲಿ ‘ಅಳಿಸು’ ಎಂಬ ಆಜ್ಞೆ ಕೊಟ್ಟರು. ತೆರೆ ಮೇಲೆ ನೋಡನೋಡುತ್ತಲೇ ವುಡಿಯ ಟೋಪಿ ಮಾಯ, ಬೂಟು ಮಾಯ, ಕೊನೆಗೆ ವುಡಿಯೇ ಮಾಯ! ಪಿಕ್ಚರಿನ ಶೇ. 90ರಷ್ಟು ಹೋಯಿತು. ಇರಲಿ, ಬ್ಯಾಕಪ್ ಇದೆಯಲ್ಲ? ತೆಗೆದು ನೋಡಿದರೆ ಅದೂ ಸರಿಯಿಲ್ಲ. ದಿನಾ ಟೇಪು ಓಡುತ್ತಿತ್ತು, ಓದಿ ಪರೀಕ್ಷಿಸಿದವರೇ ಇಲ್ಲ.

ಆಗ ಗ್ಯಾಲಿನ್ ಸುಸ್‌ಮನ್ ಎಂಬ ಹೆಣ್ಣುಮಗಳಿಗೆ ನೆನಪಾಯಿತು. ಆಕೆ ಬಾಣಂತಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದರು, ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು! ಅದನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಸೀಟಿಗೆ ಬೆಲ್ಟ್ ಬಿಗಿದು, ಎಳೆಗೂಸಿನ ಹಾಗೆ ತಂದರು. ಚಿತ್ರ ಉಳಿಯಿತು. (ಆಮೇಲೆ ಕತೆ ಸರಿಯಿಲ್ಲವೆಂದು ಬಹುಪಾಲು ಮತ್ತೆ ಮಾಡಿದರು, ಅದು ಸಿನಿಮಾದವರ ಹಣೆಬರಹ!)

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ... ಈ 3-2-1 ಸೂತ್ರವನ್ನು ಜನಪ್ರಿಯ ಮಾಡಿದವರು ಪೀಟರ್ ಕ್ರೋ ಎಂಬ ಅಮೆರಿಕದ ಫೋಟೋಗ್ರಾಫರು. ಇಂಥದೊಂದು ಸೂತ್ರ 1934ರಲ್ಲಿ ನಮ್ಮವರ ಕೈಯಲ್ಲಿದ್ದಿದ್ದರೆ!

ಹೌದು, ‘ಸತಿ ಸುಲೋಚನ’. ಕನ್ನಡದ ಮೊದಲ ಟಾಕಿ. ಷಾ ಚಮನ್‌ಲಾಲ್ ಡೂಂಗಾಜಿ ನಿರ್ಮಾಪಕರು, ವೈ.ವಿ. ರಾವ್ ನಿರ್ದೇಶಕರು, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಕೊಲ್ಲಾಪುರದಲ್ಲಿ ಚಿತ್ರೀಕರಣ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆ. ಜನ ಮುಗಿಬಿದ್ದು ನೋಡಿದರು. ಇವತ್ತು ಅದರ ಒಂದೇ ಒಂದು ಪ್ರಿಂಟು ಇಲ್ಲ. ಕನ್ನಡ ಪರದೆಯ ಮೇಲೆ ಮೊದಲು ಮಾತಾಡಿದ ದನಿ ಹೇಗಿತ್ತೆಂದು ನಮಗಾರಿಗೂ ಇನ್ನು ಕೇಳಲು ಸಿಗದು. ಅಂದಿನ ಫಿಲ್ಮು ನೈಟ್ರೇಟಿನದು, ಬೆಂಕಿ ಅಂದರೆ ಕರ್ಪೂರ. ಜತೆಗೆ, ಓಡಿದ ಚಿತ್ರದ ಡಬ್ಬಿಯನ್ನು ಜೋಪಾನ ಮಾಡುವ ರೂಢಿಯೇ ಇರಲಿಲ್ಲ.

ಯಾದಗಿರಿ ಸೀಮೆಯಲ್ಲಿ ಮುಚ್ಚಿದ ಟಾಕೀಸಿನ ಅಟ್ಟದ ಮೇಲೋ, ಹಳೇ ಟೂರಿಂಗ್ ಟೆಂಟಿನವರ ಮನೆಯ ಮಾಳಿಗೆಯಲ್ಲೋ ತುಕ್ಕು ಹಿಡಿದ ಫಿಲ್ಮ್ ಡಬ್ಬಿ ಕಂಡರೆ ಗುಜರಿಗೆ ಹಾಕಬೇಡಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ, ಈಗ ಎನ್‌ಎಫ್‌ಡಿಸಿ ಅಡಿಯಲ್ಲಿ. ಹಳೆಯ ಫಿಲ್ಮುಗಳನ್ನು ಕಾಪಾಡುವುದೇ ಅವರ ಕೆಲಸ. ಯಾದಗಿರಿ ಸ್ಟೇಷನ್ನಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಪುಣೆಗೆ ಹೋಗುತ್ತದೆ. ಆದರೆ ಡಬ್ಬಿ ಹಿಡಿದುಕೊಂಡು ರೈಲು ಹತ್ತೀರಿ ಮತ್ತೆ! ಹಳೇ ನೈಟ್ರೇಟಾಗಿದ್ದರೆ ಬೋಗಿಯೇ ಹೊತ್ತಿಕೊಂಡೀತು. ಡಬ್ಬಿಯನ್ನು ತಂಪು ಜಾಗದಲ್ಲಿಟ್ಟು, ಬೀಡಿ ದೂರ ಇಟ್ಟು, ಮೊದಲು ಅವರಿಗೊಂದು ಕಾಗದ ಹಾಕಿ.