14 ಅಡಿ ದೋಣಿಗೆ ಎಷ್ಟು ಎಚ್‌ಪಿ?

ದೊಡ್ಡ ಎಂಜಿನ್ ಹಾಕಿದರೆ ಹೆಚ್ಚು ಸುರಕ್ಷಿತ ಅಂತ ಎಷ್ಟೋ ಜನ ನಂಬಿದ್ದಾರೆ. ಸಣ್ಣ ದೋಣಿಯಲ್ಲಿ ಅದು ಉಲ್ಟಾ.

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಕೋಸ್ಟ್ ಗಾರ್ಡ್ ಒಂದು ಲೆಕ್ಕ ಇಟ್ಟಿದೆ. ಉದ್ದವನ್ನು ಹಿಂಬದಿಯ ಅಗಲದಿಂದ ಗುಣಿಸಿ. 14 ಅಡಿ ಉದ್ದ, 4 ಅಡಿ ಅಗಲ: 56. ದೋಣಿಯದು ಚಪ್ಪಟೆ ತಳ, ಓಡಿಸುವುದು ಎಂಜಿನ್ನಿನ ಹಿಡಿಯಿಂದಲೇ ಅಂದರೆ, 56ರ ಅರ್ಧದಲ್ಲಿ 15 ಕಳೆಯಿರಿ. 13 ಬಂತು. ಐದರ ಮುಂದಿನ ಗುಣಕಕ್ಕೆ ಏರಿಸಿ: 15 ಎಚ್‌ಪಿ. ಅಲ್ಲಿಗೆ ನಿಲ್ಲಬೇಕು. ಇದೇ ಅಳತೆಯ ದೋಣಿಗೆ ಸ್ಟೀರಿಂಗ್ ಚಕ್ರವಿದ್ದು, ಹಿಂಬದಿ 20 ಇಂಚು ಎತ್ತರವಿದ್ದರೆ 25ರವರೆಗೆ ಹೋಗಬಹುದು.

ಯಾಕಿಷ್ಟು ವ್ಯತ್ಯಾಸ? ಹಿಡಿ ಹಿಡಿದವರು ಹಿಂದೆಯೇ ಕೂರಬೇಕು. ಅವರ ಭಾರ, ಎಂಜಿನ್ ಭಾರ, ಇಂಧನದ ಭಾರ, ಎಲ್ಲ ಒಂದೇ ತುದಿಗೆ. ಥ್ರಾಟಲ್ ತಟ್ಟನೆ ಇಳಿಸಿದರೆ ದೋಣಿ ಎಬ್ಬಿಸಿದ ಅಲೆಯೇ ಹಿಂದಿನಿಂದ ಒಳನುಗ್ಗಬಹುದು. ವೇಗದಲ್ಲಿ ಹಿಡಿ ಕೈತಪ್ಪಿದರಂತೂ ದೋಣಿ ಗಿರ್ರನೆ ತಿರುಗಿ ಜನರನ್ನು ನೀರಿಗೆ ಎಸೆಯಬಹುದು.

ಶಾಂತ ಹಿನ್ನೀರಿನಲ್ಲಿ ಇಬ್ಬರು ಮೀನು ಹಿಡಿಯಲು ಹೋಗುವುದಾದರೆ 9.9 ಎಚ್‌ಪಿ ಧಾರಾಳ ಅನ್ನುವುದು ನನ್ನ ಅಭಿಪ್ರಾಯ. ದೋಣಿಯ ಮೇಲೆ ತಯಾರಕರ ಫಲಕವಿದ್ದರೆ ಅದರಲ್ಲಿರುವ ಸಂಖ್ಯೆ ದಾಟಬೇಡಿ. ಮತ್ತೆ, ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರ ಮೈಗೆ ಕಟ್ಟಿಕೊಂಡ ಮೇಲೆಯೇ ಎಂಜಿನ್ ಚಾಲೂ ಮಾಡಿ.