ಶೀಟ್ ಫಿಲ್ಮ್‌ಗೆ ಯಾವ ಟ್ಯಾಂಕ್? ತಪ್ಪು ಕಲ್ಪನೆಗಳು ಮತ್ತು ಸತ್ಯ

35 ಮಿ.ಮೀ. ರೋಲ್ ಆದರೆ ಯೋಚನೆಯೇ ಇಲ್ಲ. ರೀಲಿಗೆ ಸುತ್ತಿ, ಟ್ಯಾಂಕಿಗಿಳಿಸಿ, ಮುಚ್ಚಳ ಬಿಗಿದರೆ ಆಯಿತು. 4×5 ಇಂಚಿನ ಶೀಟ್ ಫಿಲ್ಮ್ ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ. ಬಿಡಿ ಬಿಡಿ ಹಾಳೆಗಳಾದ್ದರಿಂದ ಟ್ರೇ, ಹ್ಯಾಂಗರ್, ಟ್ಯೂಬ್, ಡ್ರಮ್, ಟ್ಯಾಂಕ್ ಎಂದು ಹತ್ತಾರು ದಾರಿ. ಒಂದೊಂದರ ಬಗ್ಗೆಯೂ ಹತ್ತಾರು ಸಲಹೆ. ಫಿಲ್ಮ್ ಕೇಳುವುದು ಮಾತ್ರ ಎರಡನ್ನೇ: ಡೆವಲಪರ್ ಸಾಕಷ್ಟಿರಬೇಕು, ಅದು ಹಾಳೆಯ ಮೈಯೆಲ್ಲ ಒಂದೇ ಸಮ ತಾಗಬೇಕು. ಮನೆಯಲ್ಲಿ ಡೆವಲಪ್ ಮಾಡಲು ಹೊರಟವರ ಕಿವಿಗೆ ಬೀಳುವ ಮಾತುಗಳನ್ನು ಈ ಎರಡಕ್ಕೆ ಹಿಡಿದು ನೋಡಿದರೆ ಜೊಳ್ಳು ಯಾವುದು, ಕಾಳು ಯಾವುದು ಎಂಬುದು ತಿಳಿಯುತ್ತದೆ.

ತಪ್ಪು ಕಲ್ಪನೆ: ಟ್ರೇ ಬಡವರ ಉಪಾಯ, ಒಳ್ಳೆಯ ನೆಗೆಟಿವ್‌ಗೆ ಟ್ಯಾಂಕೇ ಬೇಕು.

ಸತ್ಯ: ಅಮೆರಿಕದ ಎಡ್ವರ್ಡ್ ವೆಸ್ಟನ್ ತಮ್ಮ 8×10 ಇಂಚಿನ ನೆಗೆಟಿವ್‌ಗಳನ್ನು ಪೈರೋ ಡೆವಲಪರ್‌ನಲ್ಲಿ ಟ್ರೇಯಲ್ಲೇ ಡೆವಲಪ್ ಮಾಡುತ್ತಿದ್ದರು. ಟ್ರೇಯಲ್ಲಿ ಕೊರತೆಯಿಲ್ಲ, ಕೈಗೆ ಅಭ್ಯಾಸ ಬೇಕು ಅಷ್ಟೆ. ಒಣ ಹಾಳೆಗಳನ್ನು ಒಟ್ಟಿಗೆ ಡೆವಲಪರ್‌ಗೆ ಹಾಕಿದರೆ ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಅದಕ್ಕೇ ಮೊದಲು ನೀರಿನ ಟ್ರೇಯಲ್ಲಿ ಒಂದೊಂದಾಗಿ ನೆನೆಸಬೇಕು. ಆಮೇಲೆ ಅಡಿಯ ಹಾಳೆಯನ್ನು ಎಳೆದು ಮೇಲೆ ಹಾಕುವುದು, ಮತ್ತೆ ಅಡಿಯದನ್ನು ಎಳೆಯುವುದು. ಬೆಳಕಿಗೆ ಸ್ಪಂದಿಸುವ ಪದರವಾದ ಎಮಲ್ಷನ್ ಮೇಲ್ಮುಖವಾಗಿರಲಿ: ಹಾಳೆ ಉದ್ದಕ್ಕೆ ಹಿಡಿದಾಗ ಅಂಚಿನ ಕಚ್ಚುಗಳು ಬಲ ಮೇಲ್ತುದಿಯಲ್ಲಿ ಬೆರಳಿಗೆ ಸಿಕ್ಕರೆ ಎಮಲ್ಷನ್ ನಿಮ್ಮ ಕಡೆಗಿದೆ ಎಂದರ್ಥ. ನೆನೆದ ಎಮಲ್ಷನ್ ಬಹಳ ಮೆತ್ತಗೆ. ಮೇಲೆ ಬರುವ ಹಾಳೆಯ ಚೂಪು ಮೂಲೆ ಕೆಳಗಿನದಕ್ಕೆ ತಾಗಿದರೆ ಗೀರು ಬಿತ್ತೆಂದೇ ಲೆಕ್ಕ. ಹಾಳೆಯನ್ನು ಚಪ್ಪಟೆಯಾಗಿ ಇಳಿಸುವುದು ಕೈಗೆ ಬರುವವರೆಗೆ ಒಂದೆರಡು ಹಾಳೆಗಿಂತ ಹೆಚ್ಚು ಹಾಕಬೇಡಿ.

ತಪ್ಪು ಕಲ್ಪನೆ: ಕೆಂಪು ಬಲ್ಬ್ ಹಾಕಿಕೊಂಡರೆ ಕೆಲಸ ಸಲೀಸು.

ಸತ್ಯ: ಸಿನಿಮಾದಲ್ಲಿ ಕಾಣುವ ಕೆಂಪು ಬೆಳಕು ಕಪ್ಪು-ಬಿಳುಪು ಪ್ರಿಂಟ್ ಮಾಡುವ ಕಾಗದಕ್ಕೆ. ಮಾಮೂಲಿ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪೂ ಬೆಳಕೇ. ಅದಕ್ಕೆ ಗವ್ವೆನ್ನುವ ಕತ್ತಲೆಯೇ ಆಗಬೇಕು. ಟ್ರೇಗೂ ಟ್ಯಾಂಕಿಗೂ ನಿಜವಾದ ವ್ಯತ್ಯಾಸ ಇಲ್ಲಿದೆ. ಟ್ರೇ ಆದರೆ ಡೆವಲಪರ್‌ನಿಂದ ಫಿಕ್ಸರ್‌ವರೆಗೆ ಕತ್ತಲಲ್ಲೇ ನಿಲ್ಲಬೇಕು. ಬೆಳಕು ನುಸುಳದ ಟ್ಯಾಂಕಿಗೆ ಹಾಳೆ ತುಂಬುವಾಗ ಮಾತ್ರ ಕತ್ತಲೆ ಸಾಕು. ಅದಕ್ಕೆ ಕೈ ತೂರಿಸಿ ಕೆಲಸ ಮಾಡುವ ಕಪ್ಪು ಚೀಲ, ಚೇಂಜಿಂಗ್ ಬ್ಯಾಗೇ ಆದೀತು. ಕಿಟಕಿ ಮುಚ್ಚಲಾಗದ ಬಾಡಿಗೆ ಮನೆಯವರು ಟ್ಯಾಂಕ್ ಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕೆಂಪಿಗೆ ಸ್ಪಂದಿಸದ ಆರ್ಥೊ ಫಿಲ್ಮ್ ಮತ್ತು ಹಸಿರು ಬೆಳಕಿಗೆ ಸ್ಪಂದಿಸುವ ಎಕ್ಸ್-ರೇ ಫಿಲ್ಮ್‌ಗಳಿಗೆ ಮಂದ ಕೆಂಪು ಬೆಳಕು ನಡೆಯುತ್ತದೆ. ಆದರೆ ಅಗ್ಗವೆಂದು ಎಕ್ಸ್-ರೇ ಫಿಲ್ಮ್ ತಂದವರು ಒಂದು ಮಾತು ನೆನಪಿಡಬೇಕು: ಸಾಮಾನ್ಯವಾಗಿ ಅದರ ಎರಡೂ ಮುಖಕ್ಕೆ ಎಮಲ್ಷನ್ ಬಳಿದಿರುತ್ತದೆ. ಟ್ರೇಯ ತಳಕ್ಕೆ ಉಜ್ಜಿದರೂ ಗೀರು ಬೀಳುತ್ತದೆ. ಅದಕ್ಕೆ ಹಾಳೆಯನ್ನು ಚೌಕಟ್ಟಿನಲ್ಲಿ ಹಿಡಿದು ದ್ರಾವಣಕ್ಕಿಳಿಸುವ ಹ್ಯಾಂಗರ್ ವಾಸಿ.

ತಪ್ಪು ಕಲ್ಪನೆ: ಕಡಿಮೆ ದ್ರಾವಣ ಹಿಡಿಯುವ ಟ್ಯಾಂಕೇ ಲಾಭ.

ಸತ್ಯ: ಟ್ಯಾಂಕ್ ಎಷ್ಟು ಮಿಲಿಲೀಟರ್ ಹಿಡಿಯುತ್ತದೆ ಎಂದಷ್ಟೇ ಕೇಳಿದರೆ ಸಾಲದು, ಅದರಲ್ಲಿ ಅಸಲು ಡೆವಲಪರ್ ಎಷ್ಟಿದೆ ಎಂದೂ ಕೇಳಬೇಕು. 4×5 ಇಂಚಿನ ನಾಲ್ಕು ಹಾಳೆ ಸೇರಿದರೆ 80 ಚದರ ಇಂಚು. ಹೆಚ್ಚುಕಡಿಮೆ 36 ಚಿತ್ರಗಳ ಒಂದು ರೋಲಿನ ವಿಸ್ತೀರ್ಣ. ಎಕ್ಸ್‌ಟಾಲ್ ಡೆವಲಪರ್ ಒಂದು ರೋಲಿಗೆ ಕನಿಷ್ಠ 100 ಮಿ.ಲೀ. ಸ್ಟಾಕ್ (ನೀರು ಬೆರೆಸದ ಮೂಲ ದ್ರಾವಣ) ಬೇಡುತ್ತದೆ. ಜೋಬೊ 2520 ಟ್ಯಾಂಕಿನಲ್ಲಿ 2509 ರೀಲ್ ಹಾಕಿ ಆರು ಹಾಳೆ ಉರುಳಿಸಲು 270 ಮಿ.ಲೀ. ದ್ರಾವಣ ಸಾಕು. ಆರು ಹಾಳೆ ಎಂದರೆ ಒಂದೂವರೆ ರೋಲ್; ಬೇಕಾದ ಸ್ಟಾಕ್ 150 ಮಿ.ಲೀ. ಆ 270 ಮಿ.ಲೀ. ದ್ರಾವಣವನ್ನು ಸ್ಟಾಕಿಗೆ ಸಮಪಾಲು ನೀರು ಬೆರೆಸಿ ಮಾಡಿದರೆ ಒಳಗಿರುವ ಸ್ಟಾಕ್ 135 ಮಿ.ಲೀ. ಮಾತ್ರ. ಹಾಳೆಗಳೆಲ್ಲ ಮುಳುಗೇಳುತ್ತಿದ್ದರೂ ಡೆವಲಪರ್ ನಡುವೆಯೇ ಸೋಲುತ್ತದೆ, ನೆಗೆಟಿವ್ ತೆಳ್ಳಗಾಗುತ್ತದೆ. ಸ್ಟಿಯರ್‌ಮನ್ ಪ್ರೆಸ್‌ನ ಎಸ್‌ಪಿ-445 ನಾಲ್ಕು ಹಾಳೆಗೆ 475 ಮಿ.ಲೀ. ಹಿಡಿಯುತ್ತದೆ, ಅದೇ ಮಿಶ್ರಣ ಹಾಕಿದರೂ ಸ್ಟಾಕ್ ಬೇಕಾದದ್ದರ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ. ಪ್ಯಾಟರ್ಸನ್ ಮೂರು ರೀಲಿನ ಟ್ಯಾಂಕಿನೊಳಗೆ ಕೂರುವ ಮಾಡ್54 ಆರು ಹಾಳೆಗೆ ಒಂದು ಲೀಟರ್ ಕೇಳುತ್ತದೆ. ನೀರು ಹೆಚ್ಚು ಬೆರೆಸಿ ಬಳಸುವವರಿಗೆ ದೊಡ್ಡ ಟ್ಯಾಂಕ್ ದುಂದಲ್ಲ.

ತಪ್ಪು ಕಲ್ಪನೆ: ಹೆಚ್ಚು ಕುಲುಕಿದಷ್ಟೂ ಡೆವಲಪ್ ಸಮನಾಗುತ್ತದೆ.

ಸತ್ಯ: ಕುಲುಕದಿದ್ದರೆ ಕಲೆ ಕಲೆಯಾಗುವುದು ನಿಜ. ಆದರೆ ಅತಿಯಾದರೂ ಕೇಡೇ. ಹ್ಯಾಂಗರನ್ನು ಜೋರಾಗಿ ಎತ್ತಿ ಇಳಿಸಿದರೆ ಚೌಕಟ್ಟಿನ ತೂತುಗಳಿಂದ ಡೆವಲಪರ್ ರಭಸವಾಗಿ ನುಗ್ಗಿ, ತಿಳಿ ಆಕಾಶದ ಅಂಚಿನಲ್ಲಿ ಸಾಲು ಸಾಲು ಗುರುತು ಮೂಡುತ್ತದೆ. ಮುಚ್ಚಿದ ಟ್ಯಾಂಕಿಗೆ ಇಲ್ಫರ್ಡ್ ಹೇಳುವ ಕ್ರಮ ಸರಳ: ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಬಾರಿ ತಲೆಕೆಳಗು ಮಾಡಿ. ಹಾಗಾಗಿ ಕೊಳ್ಳುವಾಗ ಟ್ಯಾಂಕ್ ಸೋರದೆ ಮಗುಚುತ್ತದೆಯೇ ನೋಡಿ. ಹನ್ನೆರಡು ಹಾಳೆ ಹಿಡಿಯುವ ಯಾಂಕೀ ಟ್ಯಾಂಕನ್ನು ಮಗುಚುವಂತಿಲ್ಲ, ಅತ್ತಿತ್ತ ಅಲುಗಿಸಬೇಕಷ್ಟೆ; ಅಸಮ ಡೆವಲಪ್‌ನ ದೂರು ಅದರ ಬೆನ್ನಿಗಿರುವುದು ಇದೇ ಕಾರಣಕ್ಕೆ. ಡ್ರಮ್ ಎಡೆಬಿಡದೆ ಉರುಳುವುದರಿಂದ ಹೊತ್ತನ್ನು ಶೇ. 15ರವರೆಗೆ ಇಳಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಹಾಳೆಯ ಬೆನ್ನಿಗೆ ಬಣ್ಣದ ಕಲೆ ಉಳಿದರೆ ಟ್ಯಾಂಕ್ ಫಿಲ್ಮನ್ನು ಕೆಡಿಸಿತು.

ಸತ್ಯ: ಅದು ಬೆಳಕು ಪ್ರತಿಫಲಿಸಿ ಹರಡದಂತೆ ಕಂಪನಿಯೇ ಬಳಿದಿರುವ ಬಣ್ಣ. ಹಾಳೆಯ ಬೆನ್ನು ಟ್ಯೂಬಿನ ಒಳಗೋಡೆಗೆ ಅಂಟಿಕೊಂಡಾಗ ಅಲ್ಲಿಗೆ ದ್ರಾವಣ ತಲುಪುವುದಿಲ್ಲ. ಫಿಕ್ಸ್ ಆದ ಮೇಲೆ ಹೊರತೆಗೆದು ನೀರಿನಲ್ಲೋ ಸೋಡಿಯಂ ಸಲ್ಫೈಟ್ ದ್ರಾವಣದಲ್ಲೋ ನೆನೆಸಿದರೆ ಹೋಗುತ್ತದೆ. ಚಿತ್ರಕ್ಕೆ ಏನೂ ಆಗಿರುವುದಿಲ್ಲ.

ತಪ್ಪು ಕಲ್ಪನೆ: 20 ಡಿಗ್ರಿ ಇಲ್ಲದಿದ್ದರೆ ಕೆಟ್ಟಿತು; ನಮ್ಮ ಬೇಸಿಗೆಗೆ ಯಂತ್ರವೇ ಬೇಕು.

ಸತ್ಯ: 20 ಡಿಗ್ರಿ ಸೆಲ್ಸಿಯಸ್ ಎಂಬುದು ಕೋಷ್ಟಕಗಳ ರೂಢಿ. ಏಪ್ರಿಲ್‌ನಲ್ಲಿ ಕಲಬುರಗಿಯ ನಲ್ಲಿನೀರಾಗಲಿ ಮಂಗಳೂರಿನದಾಗಲಿ ಅಲ್ಲಿಗೆ ಇಳಿಯುವುದಿಲ್ಲ. 24 ಡಿಗ್ರಿಯಲ್ಲೂ ಕೆಲಸ ಆಗುತ್ತದೆ, ಕೋಷ್ಟಕ ನೋಡಿ ಹೊತ್ತು ಕಡಿಮೆ ಮಾಡಿದರೆ. ಹೊತ್ತು ಐದು ನಿಮಿಷಕ್ಕಿಂತ ಕೆಳಗಿಳಿದರೆ ಮಾತ್ರ ತುಂಬುವ, ಸುರಿಯುವ ಸೆಕೆಂಡುಗಳೇ ಅಸಮತೆ ತರುತ್ತವೆ; ಆಗ ಡೆವಲಪರ್‌ಗೆ ಹೆಚ್ಚು ನೀರು ಬೆರೆಸಿ ಹೊತ್ತು ಹಿಗ್ಗಿಸಿಕೊಳ್ಳಿ. ಕಡಿಮೆ ದ್ರಾವಣ ಸೆಕೆಗೆ ಬೇಗ ಬಿಸಿಯೇರುತ್ತದೆ, ಒಂದು ಲೀಟರ್ ನಿಧಾನಕ್ಕೆ. ಟ್ಯಾಂಕನ್ನು ತಣ್ಣೀರಿನ ಬಕೆಟ್ಟಿನಲ್ಲಿಟ್ಟು, ಪಕ್ಕಕ್ಕೆ ಐಸ್ ತುಂಬಿದ ಪ್ಲಾಸ್ಟಿಕ್ ಬಾಟಲಿ ಬಿಟ್ಟರೆ ಯಂತ್ರದ ಹಂಗಿಲ್ಲ.

ಕೊನೆಗೆ ಆಯ್ಕೆ ನಿಮ್ಮ ಬಳಕೆಗೆ ಬಿಟ್ಟದ್ದು. ತಿಂಗಳಿಗೆ ಒಂದೆರಡು ಹಾಳೆ, ಪೂರ್ತಿ ಕತ್ತಲಾಗುವ ಬಚ್ಚಲುಮನೆ ಇದ್ದರೆ ಟ್ರೇ ಸಾಕು. ಒಂದು ಸಲಕ್ಕೆ ನಾಲ್ಕಾರು ಹಾಳೆ, ಕತ್ತಲೆ ಕೋಣೆಯಿಲ್ಲ ಎಂದರೆ ಎಸ್‌ಪಿ-445 ಅಥವಾ ಮಾಡ್54. ವಾರವಾರವೂ ಡಜನ್‌ಗಟ್ಟಲೆ ಹಾಳೆ ಇದ್ದರೆ ಡ್ರಮ್ ಅಥವಾ ಹ್ಯಾಂಗರ್. ಯಾವುದನ್ನೇ ತಂದರೂ ಮೊದಲು ಹಾಳಾದ ಹಾಳೆಯೊಂದನ್ನು ಬೆಳಕಿನಲ್ಲಿ, ಆಮೇಲೆ ಕಣ್ಣುಮುಚ್ಚಿ ತುಂಬಿ ನೋಡಿ. ಒಂದೇ ಸಮ ಬೆಳಕು ಬಿದ್ದ ಖಾಲಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದು ಡೆವಲಪ್ ಮಾಡಿ. ಅದೇ ಗೋಡೆಯ ಇನ್ನೊಂದು ಹಾಳೆಯನ್ನು ತಲೆಕೆಳಗಾಗಿ ತುಂಬಿ ಹಾಗೇ ಮಾಡಿ. ಅಂಚಿನ ಪಟ್ಟೆ ಹಾಳೆಯೊಂದಿಗೆ ತಿರುಗದೆ ಟ್ಯಾಂಕಿನ ಅದೇ ಬದಿಗೆ ಉಳಿದರೆ ಕುಲುಕುವ ಕ್ರಮ ಬದಲಿಸಿ. ಹಾಳೆಯೊಂದಿಗೇ ತಿರುಗಿದರೆ ಕ್ಯಾಮೆರಾವನ್ನೋ ಹೋಲ್ಡರನ್ನೋ ಪರೀಕ್ಷಿಸಿ. ಹೊಸ ಟ್ಯಾಂಕಿಗೆ ದುಡ್ಡು ಹಾಕುವುದು ಅದಾದ ಮೇಲಿನ ಮಾತು.